ಪದ ಬೇಕು: ‘ಕೋಜಿ ಫ್ಯಾಂಟಸಿ’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಬೋರ್ಡ್ ಬರೆಸಬೇಕು)

ಶಿವಮೊಗ್ಗದಿಂದ, ಪುಸ್ತಕದಂಗಡಿಯವರು:

ಎಲ್ಲರಿಗೂ ನಮಸ್ಕಾರ. ದುರ್ಗಿಗುಡಿ ಹತ್ತಿರ ನಮ್ಮದೊಂದು ಚಿಕ್ಕ ಪುಸ್ತಕದಂಗಡಿ ಇದೆ. ಒಂದು ಅಲಮಾರು ಪೂರ್ತಿ ‘ಕೋಜಿ ಫ್ಯಾಂಟಸಿ’ಗೆ ಬಿಟ್ಟಿದ್ದೇನೆ. ಪುಸ್ತಕಗಳು ಇಂಗ್ಲಿಷಿನವೇ ಜಾಸ್ತಿ, ಆದರೆ ಕೇಳಿಕೊಂಡು ಬರುವ ಕಾಲೇಜು ಹುಡುಗಿಯರು ಕನ್ನಡದಲ್ಲೇ ಕೇಳುತ್ತಾರೆ. ಹಾಗಾಗಿ ಮೇಲೆ ಕನ್ನಡ ಹೆಸರು ಬೇಕು. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ಹಲಗೆ ಎರಡೂವರೆ ಅಡಿ, ಉದ್ದ ಹೆಸರು ಹಿಡಿಸುವುದಿಲ್ಲ.

ಈ ಬಗೆಯನ್ನು ಓದದವರಿಗೆ: ‘ಕೋಜಿ’ ಅಂದರೆ ಇಂಗ್ಲಿಷಿನಲ್ಲಿ ಬೆಚ್ಚಗೆ, ಹಾಯಾಗಿ ಇರುವಂಥದ್ದು. ಮಾಯೆ ಮಂತ್ರ ಇರುವ ಲೋಕವೇ, ಆದರೆ ಯುದ್ಧ ಇಲ್ಲ, ಸಿಂಹಾಸನಕ್ಕೆ ಜಗಳ ಇಲ್ಲ. ಮುದಿ ಮಂತ್ರವಾದಿ ಬೇಕರಿ ಇಡುತ್ತಾನೆ, ಡ್ರ್ಯಾಗನ್ ಒಂದು ಬಂದು ಒಲೆ ಹೊತ್ತಿಸಿಕೊಡುತ್ತದೆ ಅನ್ನುವ ಥರ. ಬ್ರೆಡ್ ಉಬ್ಬುತ್ತದೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆ. ಗೆಳೆತನ, ತಿಂಡಿ, ಮಳೆ, ಒಂದು ಬೆಕ್ಕು. 2020ರ ಲಾಕ್‌ಡೌನ್ ಆದಮೇಲೆ ಜೋರಾಗಿ ಓಡುತ್ತಿವೆ.

ನನಗೆ ಹೊಳೆದದ್ದು ‘ಬೆಚ್ಚನೆಯ ಕಥೆಗಳು’. ನಡೆಯುತ್ತದಾ? ರಾತ್ರಿಯೊಳಗೆ ಹೇಳಿ.

ಸಾಗರದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ಬೆಚ್ಚನೆ ಸರಿ. ಬೇಯು, ಬೆಂಕಿ, ಬೆವರು, ಬೇಸಗೆ, ಬಿಸಿ, ಬಿಸಿಲು ಎಲ್ಲ ಒಂದೇ ಬಳ್ಳಿ. ತಮಿಳಿನ ವೆಯಿಲ್ ಜೊತೆ ಬಿಸಿಲು ಇಟ್ಟು ನೋಡಿ. ಅವರ ವಕಾರ, ನಮ್ಮ ಬಕಾರ. ಇದರ ಮೇಲೆ ಯಾರೂ ಸರಿಯಾಗಿ ಬರೆದಿಲ್ಲ ಅನ್ನುವುದು ನನ್ನ ಹಳೆಯ ದೂರು.

ಒಂದು ಎಚ್ಚರಿಕೆ. ಜಾಗ ಉಳಿಸಲು ಪೇಂಟರ್ ‘ಬೆಚ್ಚು ಕಥೆ’ ಅಂತ ಮೊಟಕು ಮಾಡಿಯಾನು. ಆ ಬೆಚ್ಚು ಬೇರೆ ಧಾತು. ಹಳಗನ್ನಡದಲ್ಲಿ ಬೆರ್ಚು, ಅಂದರೆ ಹೆದರು. ಗದ್ದೆಯಲ್ಲಿ ನಿಲ್ಲುವ ಬೆರ್ಚಪ್ಪ ಆ ಮನೆತನದವನು. ಗೆಳೆತನದ ಕಥೆ ಹುಡುಕಿ ಬಂದವರು ದೆವ್ವದ ಕಥೆ ಅಂದುಕೊಂಡು ವಾಪಸ್ ಹೋಗುತ್ತಾರೆ. ಬಿಸಿಲಿನ ಬಗ್ಗೆ ಸಂಜೆ ವಿವರವಾಗಿ ಬರೆಯುತ್ತೇನೆ.

ಕಲಬುರಗಿಯಿಂದ:

ಬೆಚ್ಚನೆ ಅನ್ನೋದು ನಿಮ್ಮ ಮಲೆನಾಡಿನ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ನೀವು ಕಂಬಳಿ ಹುಡುಕುತ್ತೀರಿ. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ. ಬೆಚ್ಚನೆಯ ಕಥಿ ಅಂದ್ರ ಯಾರೂ ಮುಟ್ಟಂಗಿಲ್ಲ. ಇಲ್ಲಿ ಸುಖಕ್ಕೆ ತಂಪು ಅಂತೀವಿ. ಹೊಟ್ಟಿ ತಣ್ಣಗಿರಲಿ ಅಂತ ಹರಸ್ತೀವಿ. ‘ತಂಪು ಕಥೆಗಳು’ ಅನ್ನಿ, ನಾಡಿಗೆಲ್ಲ ಒಪ್ಪುತ್ತದೆ.

ಶಿವಮೊಗ್ಗದಿಂದ:

ಅಂಗಡಿ ಶಿವಮೊಗ್ಗದಲ್ಲಿದೆ ಸಾರ್. ಜುಲೈನಲ್ಲಿ ‘ತಂಪು’ ಅಂತ ಬೋರ್ಡ್ ಹಾಕಿದರೆ ನಮ್ಮನೆಯವರೇ ಒಳಗೆ ಬರಲ್ಲ.

ಭದ್ರಾವತಿಯಿಂದ:

ಸರ್ವಜ್ಞ ಆಗಲೇ ಹೇಳಿಬಿಟ್ಟಿದ್ದಾನಲ್ಲ, ‘ಬೆಚ್ಚನಾ ಮನೆ’. ಅದು ಇದ್ದರೆ ಸ್ವರ್ಗಕ್ಕೆ ಕಿಚ್ಚು ಹಚ್ಚು ಅಂದ. ಇದಕ್ಕಿಂತ ಸಾಕ್ಷಿ ಬೇಕೇ?

ಸಾಗರದಿಂದ:

ಅಲ್ಲಿ ವೆಚ್ಚ, ಇಚ್ಛೆ, ಕಿಚ್ಚು ಅಂತ ಪ್ರಾಸದ ಸಾಲೇ ಇದೆ. ಪ್ರಾಸಕ್ಕೆ ಬಂದ ಪದ ಸಾಕ್ಷಿ ಆಗುವುದಿಲ್ಲ. ನಾನು ಬೆಚ್ಚನೆಯ ಪರವೇ ಇದ್ದೇನೆ, ಆದರೆ ಸಾಕ್ಷಿ ಅಂದರೆ ಸಾಕ್ಷಿ.

ಬೆಂಗಳೂರಿನಿಂದ:

ಮೊದಲು ‘ಕಥೆ’ ತೆಗೆಯಿರಿ. ಕತೆ. ಮಹಾಪ್ರಾಣ ನಮ್ಮ ಬಾಯಲ್ಲಿ ಇಲ್ಲ, ಬರವಣಿಗೆಯಲ್ಲಿ ಯಾಕೆ? ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇದನ್ನು ಎಷ್ಟು ಬಿಡಿಸಿ ಹೇಳಿದ್ದಾರೆ, ಇನ್ನೂ ಅದೇ ಹಾಡು. ಫ್ಯಾಂಟಸಿ ಬೇಡ, ಅದ್ಭುತವೂ ಬೇಡ. ‘ನಲ್ಮೆಗತೆ’. ನಾಲ್ಕೇ ಅಕ್ಷರ. ಮುಗಿಯಿತು.

ಸಾಗರದಿಂದ:

ನಲ್ಮೆ ಅಂದರೆ ಪ್ರೀತಿ. ನಲ್ಮೆಗತೆ ಅಂದರೆ ಪ್ರೇಮಕಥೆ. ಮುಗಿಯಲಿಲ್ಲ. ‘ಕತೆ’ ನಿಮ್ಮ ಹೊಸ ಸಂಶೋಧನೆಯೂ ಅಲ್ಲ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಅಪಭ್ರಂಶಕ್ಕೆ ಒಂದು ಪ್ರಕರಣ ಕೊಟ್ಟಿದ್ದಾನೆ. ಹೊರಗಿನ ಪದ ಒಳಗೆ ಬರುವ ದಾರಿ ಬರೆದಿಟ್ಟ, ಬಾಗಿಲು ಹಾಕಲಿಲ್ಲ.

ತೀರ್ಥಹಳ್ಳಿಯಿಂದ:

ಎಂತ ಮಾರಾಯ್ರೇ, ಕಣ್ಣೆದುರು ಇರೋದನ್ನ ಬಿಟ್ಟು ಊರೆಲ್ಲ ಹುಡುಕ್ತೀರಿ! ‘ಜಗಲಿ ಕಥೆಗಳು’ ಅನ್ನಿ. ಹೊರಗೆ ಮಳೆ, ಜಗಲಿಯಲ್ಲಿ ನಾಲ್ಕು ಜನ, ಹಲಸಿನ ಹಪ್ಪಳ, ಕಾಫಿ. ಇಷ್ಟೇ ಅಲ್ವಾ ಈ ಪುಸ್ತಕಗಳು?

ಸಾಗರದಿಂದ:

ಚೆನ್ನಾಗಿದೆ. ಜಗಲಿ ಜಗತಿಯ ತದ್ಭವ. ಬೇಲೂರಿನ ಗುಡಿ ನಿಂತಿರುವ ಎತ್ತರದ ಕಟ್ಟೆ ಇದೆಯಲ್ಲ, ಅದು ಜಗತಿ. ಮನೆಗೆ ಬಂದು ಜಗಲಿ ಆಯಿತು. ಸಂಸ್ಕೃತದ್ದು ಅಂತ ಬೆಂಗಳೂರಿನವರು ಬೇಸರ ಮಾಡಿಕೊಳ್ಳಬಾರದು.

ಹೊಸನಗರದಿಂದ, ಅನುವಾದಕಿ:

ಜಗಲಿ ನಾನು ಒಪ್ಪಲ್ಲ. ಮಲೆನಾಡಿನ ಜಗಲಿ ಮೇಲೆ ಎಲ್ಲರೂ ಕೂತಿದ್ದರಾ? ಕೆಲವರು ಜಗಲಿಯಲ್ಲಿ, ಕೆಲವರು ಮೆಟ್ಟಿಲ ಕೆಳಗೆ, ಕೆಲವರು ಅಂಗಳದ ಆಚೆ. ಕುವೆಂಪು ಕಾದಂಬರಿ ಓದಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಈ ಬಗೆಯ ಕಥೆಗಳಲ್ಲಿ ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ಊರಿಗೆ ಹೊಸಬಳು, ಯಾರೂ ನಂಬದ ರಾಕ್ಷಸ, ಮಾತಾಡುವ ಅಸ್ಥಿಪಂಜರ, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ತಿನ್ನುತ್ತಾರೆ. ಯಾರಿಗೂ ಬೇರೆ ಲೋಟ ಇಲ್ಲ. ನನ್ನ ಕೇಳಿದರೆ ಈ ಕಥೆಗಳ ಮಾಯೆ ಅಂದರೆ ಅದೇ, ಡ್ರ್ಯಾಗನ್ ಅಲ್ಲ.

ಇನ್ನೊಂದು ವಿಷಯ. ಬೆಚ್ಚನೆ, ತಂಪು ಎರಡೂ ಪದಕ್ಕೆ ಪದ ಇಟ್ಟಂತೆ. ಜನ ಈ ಪುಸ್ತಕ ಎತ್ತಿಕೊಳ್ಳುವುದು ಕಳೆದುಕೊಳ್ಳುವಂಥದ್ದು ಜಾಸ್ತಿ ಇಲ್ಲ ಅನ್ನುವ ಕಾರಣಕ್ಕೆ. ಬೇರೆ ಫ್ಯಾಂಟಸಿಯಲ್ಲಿ ಸೋತರೆ ಲೋಕ ಮುಳುಗುತ್ತದೆ. ಇಲ್ಲಿ ಸೋತರೆ ಅಂಗಡಿ ಬಾಡಿಗೆ ಕಟ್ಟಲು ಆಗುವುದಿಲ್ಲ, ಗೆಳತಿ ನಾಲ್ಕು ದಿನ ಮಾತು ಬಿಡುತ್ತಾಳೆ. ಹಾಗಂತ ಸಪ್ಪೆ ಅನ್ನಬೇಡಿ. ಬಾಡಿಗೆ ಕಟ್ಟಿ ಗೊತ್ತಿದ್ದವರಿಗೆ ಅದೇನೂ ಸಣ್ಣ ವಿಷಯ ಅಲ್ಲ. ಹೆಸರು ಈ ಗುಣ ಹೇಳಬೇಕು. ಬಿಸಿ ಎಷ್ಟು, ತಂಪು ಎಷ್ಟು ಅಂತ ಅಲ್ಲ.

ತೀರ್ಥಹಳ್ಳಿಯಿಂದ:

ನಮ್ಮನೆ ಜಗಲಿಯಲ್ಲಿ ಯಾರು ಬಂದರೂ ಕೂರ್ತಾರೆ.

ಹೊಸನಗರದಿಂದ:

ನಿಮ್ಮನೆ ಬಗ್ಗೆ ನಾನು ಬರೆದಿಲ್ಲ. ಪದದ ಬಗ್ಗೆ ಬರೆದೆ.

ಶಿವಮೊಗ್ಗದಿಂದ:

ಎಲ್ಲರೂ ದಯವಿಟ್ಟು ಸಮಾಧಾನ. ‘ನೆಮ್ಮದಿ ಕಥೆಗಳು’ ಅಂದರೆ ಹೇಗೆ? ಅದರಲ್ಲಿ ಜಾತಿಯೂ ಇಲ್ಲ, ಹವಾಮಾನವೂ ಇಲ್ಲ.

ಭದ್ರಾವತಿಯಿಂದ:

ಬೇಡ ಅಕ್ಕಾ. ನೆಮ್ಮದಿ ಅಂತ ಬೋರ್ಡ್ ಕಂಡರೆ ಜನ ಪಹಣಿ ಕೇಳಿಕೊಂಡು ಬರ್ತಾರೆ. ಹೋಬಳಿಗೊಂದು ನೆಮ್ಮದಿ ಕೇಂದ್ರ ಇದ್ದದ್ದು ಯಾರೂ ಮರೆತಿಲ್ಲ. ಸ್ನೇಹ ಅಂತ ಸೇರಿಸೋಣ ಅಂದರೆ ಅದನ್ನೂ ಸರ್ಕಾರದವರು ಜನಸ್ನೇಹಿ ಕೇಂದ್ರಕ್ಕೆ ತಗೊಂಡು ಹೋದರು. ಒಳ್ಳೆ ಪದಗಳನ್ನೆಲ್ಲ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಕ್ಕೆ ಖರ್ಚು ಮಾಡಿಬಿಟ್ಟಿದ್ದಾರೆ.

ಸಾಗರದಿಂದ:

ನೆಮ್ಮದಿಯ ಹಿಂದೆ ‘ನೆಮ್ಮು’ ಇದೆ. ಒರಗು, ಆತುಕೋ. ಬೆನ್ನಿಗೆ ಗೋಡೆ ಸಿಕ್ಕವನ ಸ್ಥಿತಿ ನೆಮ್ಮದಿ. ಇಂಥ ಪದವನ್ನು ಪಹಣಿಗೆ ಹೆದರಿ ಬಿಡುವುದು ನನಗೆ ಒಪ್ಪಿಗೆ ಇಲ್ಲ.

ಬೆಂಗಳೂರಿನಿಂದ:

ಒಂದು ಹೆಸರಿಗೆ ಇಷ್ಟು ಒದ್ದಾಟ ಯಾಕೆ ಗೊತ್ತಾ? ಕಂಡ ಕಂಡ ಪದ ಎರವಲು ತಂದು ತಂದು, ನಮ್ಮದೇ ಪದ ಕಟ್ಟುವ ಅಭ್ಯಾಸವೇ ಹೋಗಿದೆ. ಇಲ್ಲಿ ಮೇಲಿರುವ ಪತ್ರಗಳನ್ನೇ ನೋಡಿ. ಬೋರ್ಡ್, ಪೇಂಟರ್, ಬೇಕರಿ, ಬೆಂಚು, ಕಾಫಿ.

ಹೊಸನಗರದಿಂದ:

ನೀವು ಕೂತಿರುವ ಕುರ್ಚಿ ಅರಬ್ಬಿ. ಮುಂದಿರುವ ಮೇಜು ಪಾರಸಿ. ಈ ಅಕ್ಕ ಹೆಸರು ಬರೆಸುತ್ತಿರುವ ಅಲಮಾರು ಪೋರ್ಚುಗೀಸರದ್ದು. ಕಾಫಿ ಬೇಡ ಅಂತ ಕಷಾಯ ಕುಡಿದರೆ ಅದು ಸಂಸ್ಕೃತ. ನಿಮಗೆ ಉಳಿಯುವುದು ನೀರು. ಅದನ್ನೂ ಸಂಸ್ಕೃತದವರು ‘ನೀರ’ ಅಂತ ನಮ್ಮಿಂದ ಒಯ್ದರು ಅನ್ನುತ್ತಾರೆ. ಕೊಟ್ಟದ್ದನ್ನು ಹೆಮ್ಮೆಯಿಂದ ಹೇಳುವವರು ತಂದದ್ದಕ್ಕೆ ಯಾಕೆ ನಾಚಬೇಕು?

ಸಾಗರದಿಂದ:

‘ಕೋಜಿ’ ಇಂಗ್ಲಿಷಿಗೂ ಎರವಲೇ. ಸ್ಕಾಟ್ಲೆಂಡಿನ ಕಡೆಯಿಂದ ಇಳಿದು ಬಂದದ್ದು. ಅದಕ್ಕೂ ಹಿಂದೆ ನಾರ್ವೆ ಕಡೆಯದ್ದು ಅನ್ನುವ ಊಹೆ ಇದೆ. ಚಳಿ ದೇಶದಿಂದ ಚಳಿ ದೇಶಕ್ಕೆ.

ಬೆಂಗಳೂರಿನಿಂದ:

ಅವರು ಏನಾದರೂ ಮಾಡಿಕೊಳ್ಳಲಿ. ಕುರ್ಚಿ ಬಂದಾಗ ನಮ್ಮಲ್ಲಿ ಕುರ್ಚಿ ಇರಲಿಲ್ಲ, ಪದವೂ ಬಂತು. ಹಾಯಾಗಿ ಕೂತು ಕತೆ ಕೇಳುವುದು ನಮ್ಮಲ್ಲಿ ಇರಲಿಲ್ಲವೇ? ಇದ್ದದ್ದಕ್ಕೂ ಹೊರಗಿನ ಹೆಸರು ಯಾಕೆ ಅಂತ ಮಾತ್ರ ನನ್ನ ಪ್ರಶ್ನೆ.

ಹೊಸನಗರದಿಂದ:

ಈ ಪ್ರಶ್ನೆ ಸರಿ ಇದೆ. ಇದನ್ನೇ ಮೊದಲ ಪತ್ರದಲ್ಲಿ ಕೇಳಬಹುದಿತ್ತು.

ಕೊಪ್ಪದಿಂದ:

ಸುಮ್ನೆ ಓದ್ತಾ ಇದ್ದೆ, ತಡೆಯಲಾಗಲಿಲ್ಲ. ‘ಕೋಜಿ’ ಅಂತಲೇ ಬರೆಸಿಬಿಡಿ. ಆ ಇಂಗ್ಲಿಷ್ ‘z’ ಸದ್ದು ನಮಗೆ ಬರುವುದಿಲ್ಲ, ಹೇಗೂ ಜನ ಗೋಜಿ ಅಂತ ಓದುತ್ತಾರೆ. ಆಮೇಲೆ ‘ಯಾರ ಗೋಜಿಗೂ ಹೋಗದ ಕಥೆ’ ಅಂತ ಅರ್ಥ ಹೇಳಿದರಾಯಿತು.

ಹೊಸನಗರದಿಂದ:

ನೀವು ತಮಾಷೆಗೆ ಬರೆದಿರಿ. ಆದರೆ ಇಲ್ಲಿವರೆಗೆ ಬಂದವುಗಳಲ್ಲಿ ಕಥೆಯ ಒಳಗೆ ಹೊಕ್ಕ ಪದ ಇದೊಂದೇ. ‘ಗೋಜಿಲ್ಲದ ಕಥೆಗಳು’. ರಾಜ್ಯದ ಗೋಜಿಲ್ಲ, ಯುದ್ಧದ ಗೋಜಿಲ್ಲ. ನಾನು ಹೇಳಿದ ಗುಣ ಇದರಲ್ಲಿದೆ. ಕಲಬುರಗಿಯವರಿಗೂ ಸೆಕೆ ಆಗಲ್ಲ.

ಕಲಬುರಗಿಯಿಂದ:

ನಡೀತದ.

ಸಾಗರದಿಂದ:

ಇಲ್ಲದ್ದನ್ನು ಹೇಳಿ ಇರುವುದಕ್ಕೆ ಹೆಸರಿಡುವುದು ಒಳ್ಳೆಯ ಪದ್ಧತಿ ಅಲ್ಲ. ಗೋಜು, ಗೋಜಲು ಎರಡನ್ನೂ ಕಿಟೆಲರ 1894ರ ನಿಘಂಟಿನಲ್ಲಿ ನೋಡಿ ಆಮೇಲೆ ಮಾತಾಡೋಣ. ಬಿಸಿಲಿನ ಪತ್ರ ಬರೆದು ಮುಗಿಸಿದ್ದೇನೆ, ಉದ್ದವಾಗಿದೆ, ಬೇರೆಯಾಗಿ ಕಳಿಸುತ್ತೇನೆ.

ಶಿವಮೊಗ್ಗದಿಂದ:

ಪೇಂಟರ್ ಬೆಳಿಗ್ಗೆ ಬಂದರು. ಬೆಚ್ಚನೆಯ ಕಥೆಗಳು, ಗೋಜಿಲ್ಲದ ಕಥೆಗಳು, ಎರಡಕ್ಕೂ ಎಂಟೇ ಅಕ್ಷರ, ಕೂಲಿ ಒಂದೇ. ‘ಗೋಜಿಲ್ಲದ’ ಬರೆಸಿದೆ. ಬರೆದು ಮುಗಿಸಿ ಹಿಂದೆ ಸರಿದು ನೋಡಿ, “ಹಂಗಾದ್ರೆ ಉಳಿದ ಅಲಮಾರಿನವೆಲ್ಲ ಗೋಜಿನವಾ ಅಕ್ಕಾ?” ಅಂದರು. ಪಕ್ಕದ್ದು ಪತ್ತೇದಾರಿ, ಅದರ ಪಕ್ಕದ್ದು ರಾಜಕೀಯ. ಹೌದು ಅಂದೆ. ಎಲ್ಲರಿಗೂ ಧನ್ಯವಾದ.

ಬೆಂಗಳೂರಿನಿಂದ:

ಕತೆಗಳು.

ಶಿವಮೊಗ್ಗದಿಂದ:

ಅಳಿಸಿ ಬರೆಯಲು ಇನ್ನೊಂದು ಸಲ ಕೂಲಿ ಕೇಳುತ್ತಾರೆ ಸಾರ್. ನೀವು ಕೊಡ್ತೀರಾ?