‘ಪಾಸಿಟಿವ್ ವೆಟ್ಟಿಂಗ್’ ಎಂಬುದಕ್ಕೆ ‘ಸಕಾರಾತ್ಮಕ ತಪಾಸಣೆ’ ಸಲ್ಲದು

‘ವೆಟ್ಟಿಂಗ್’, ಅಂದರೆ ಸರ್ಕಾರಿ ನೌಕರ ನಂಬಲರ್ಹನೇ ಎಂದು ಅವನ ಹಿನ್ನೆಲೆಯನ್ನು ನೋಡುವುದು; ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅದು ನಡೆದ ಬಗೆಯನ್ನು ಹೇಳುವ ತಮ್ಮ ಅನುವಾದಕ್ಕೆ ಈ ಪದವನ್ನೂ ಇದರ ಸುತ್ತಲಿನ ಪದಗಳನ್ನೂ ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಕೇಳಿದ್ದೀರಿ. ಅನುವಾದ ನಾಳೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ಮೊದಲು ಉತ್ತರ, ಆಮೇಲೆ ಕಾರಣ. ‘ವೆಟ್ಟಿಂಗ್’ ಬಂದಲ್ಲೆಲ್ಲ ‘ಪೂರ್ವಾಪರ ಪರಿಶೀಲನೆ’ ಎಂದು ಬರೆಯಿರಿ; ‘ಪಾಸಿಟಿವ್ ವೆಟ್ಟಿಂಗ್’ ಇದ್ದಲ್ಲಿ ‘ಪೂರ್ವಾಪರಗಳ ನೇರ ವಿಚಾರಣೆ’ ಎನ್ನಿ. ‘ಸಕಾರಾತ್ಮಕ ತಪಾಸಣೆ’ಯನ್ನು ದಯವಿಟ್ಟು ಹೊಡೆದುಹಾಕಿ, ಅದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ.

1948ರ ಮಾರ್ಚ್ 15ರಂದು ಬ್ರಿಟನ್ನಿನ ಪ್ರಧಾನಿ ಆಟ್ಲಿ ಸಂಸತ್ತಿನಲ್ಲಿ ಪ್ರಕಟಿಸಿದ ನೀತಿಯ ಪ್ರಕಾರ, ದೇಶದ ಭದ್ರತೆಗೆ ಸಂಬಂಧಿಸಿದ ಕೆಲಸಗಳಲ್ಲಿ ಕಮ್ಯುನಿಸ್ಟರಾಗಲಿ ಫ್ಯಾಸಿಸ್ಟರಾಗಲಿ ಇರಕೂಡದಾಗಿತ್ತು. ಆಗ ನಡೆಯುತ್ತಿದ್ದದ್ದು ಬರಿಯ ಕಡತ ನೋಡುವ ಕೆಲಸ: ನೌಕರನಿಗೆ ತಿಳಿಯದಂತೆ ಅವನ ಹೆಸರನ್ನು ಗುಪ್ತಚರ ದಾಖಲೆಗಳಲ್ಲಿ ಹುಡುಕಿ, ಪ್ರತಿಕೂಲವಾದದ್ದೇನೂ ಸಿಗದಿದ್ದರೆ ಬಿಟ್ಟುಬಿಡುತ್ತಿದ್ದರು. ಇಂಥ ಪರಿಶೀಲನೆಗಳನ್ನು ದಾಟಿಯೇ ಪರಮಾಣು ಸಂಶೋಧನೆಯಲ್ಲಿದ್ದ ಕ್ಲಾಸ್ ಫುಕ್ಸ್, ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಕೊಟ್ಟದ್ದನ್ನು 1950ರಲ್ಲಿ ಒಪ್ಪಿಕೊಂಡ. ಮರುವರ್ಷ ವಿದೇಶಾಂಗ ಕಚೇರಿಯಲ್ಲಿದ್ದುಕೊಂಡೇ ಸೋವಿಯತ್ ಗೂಢಚಾರರಾಗಿದ್ದ ಬರ್ಜೆಸ್ ಮತ್ತು ಮ್ಯಾಕ್ಲೀನ್ ಕಣ್ಮರೆಯಾದರು. 1952ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ನೌಕರನೇ ಪ್ರಶ್ನಾವಳಿ ತುಂಬಿ ತನ್ನನ್ನು ಬಲ್ಲವರ ಹೆಸರುಗಳನ್ನು ಕೊಡಬೇಕಾಯಿತು, ಅಧಿಕಾರಿಗಳು ಹೋಗಿ ಅವರನ್ನು ವಿಚಾರಿಸತೊಡಗಿದರು. ‘ಪಾಸಿಟಿವ್’ ಎಂದರೆ ಇಷ್ಟೇ. ಅದರಲ್ಲಿ ಸಕಾರವೂ ಇಲ್ಲ, ನಕಾರವೂ ಇಲ್ಲ.

ಇಂಗ್ಲಿಷಿನ ‘ವೆಟ್’ ಎಂಬ ಕ್ರಿಯಾಪದ ಪಶುವೈದ್ಯರನ್ನು ಕರೆಯುವ ಪದದಿಂದ ಬಂದದ್ದು ನಿಜ. ಆದರೆ ಅದರಿಂದ ಕನ್ನಡಕ್ಕೆ ಆಗಬೇಕಾದದ್ದು ಏನೂ ಇಲ್ಲ, ಆ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸೋಣ. ‘ವೆಟ್ಟಿಂಗ್’ಗೆ ‘ಒರೆಹಚ್ಚುವಿಕೆ’ ಎಂಬ ಸೂಚನೆ ಅಚ್ಚಗನ್ನಡವೆಂಬ ಕಾರಣಕ್ಕೆ ಹಲವರಿಗೆ ಹಿಡಿಸಿದೆ. ನಾನು ಒಪ್ಪಲಾರೆ. ಒರೆಗಲ್ಲು ಚಿನ್ನವೋ ಅಲ್ಲವೋ ಎಂಬುದನ್ನು ಖಚಿತವಾಗಿ ಹೇಳುತ್ತದೆ. ಬ್ರಿಟನ್ನಿನ ಈ ಪರಿಶೀಲನೆಯಲ್ಲಿ ಖಚಿತವಾಗಬೇಕಾದ ಅಗತ್ಯವೇ ಇರಲಿಲ್ಲ, ಸಂಶಯವೊಂದೇ ಸಾಕಾಗಿತ್ತು. ನೌಕರ ಮೂವರು ಸಲಹೆಗಾರರ ಮುಂದೆ ಹಾಜರಾಗಿ ತನ್ನ ಮಾತು ಹೇಳಿಕೊಳ್ಳಬಹುದಿತ್ತಾದರೂ, ತನ್ನ ಮೇಲೆ ದೂರಿತ್ತವರು ಯಾರೆಂದು ಅವನಿಗೆ ತಿಳಿಸುತ್ತಿರಲಿಲ್ಲ. ಒರೆಯ ಮಾತು ಬಳಸಿದರೆ ಅಂಥವನನ್ನು ನಾವೇ ಖೋಟಾ ಎಂದು ತೀರ್ಮಾನಿಸಿದಂತಾಗುತ್ತದೆ. ‘ಪೂರ್ವಾಪರ’ ಸಂಸ್ಕೃತವೆಂಬ ಆಕ್ಷೇಪವೂ ನಿಲ್ಲುವುದಿಲ್ಲ. ಪೂರ್ವಾಪರ ತಿಳಿಯದೆ ಹೆಣ್ಣು ಕೊಡುವುದಿಲ್ಲ ಎನ್ನುವ ಹಳ್ಳಿಯವರು ನಿಘಂಟು ನೋಡಿ ಆ ಮಾತಾಡುವುದಿಲ್ಲ.

ತಮ್ಮ ಕರಡಿನ ‘ಕಮ್ಯುನಿಸ್ಟ್ ನಂಟು’ ಕೂಡ ನನಗೆ ಚುಚ್ಚುತ್ತದೆ. ಪತ್ರಿಕೆಗಳು ಆ ಪದವನ್ನು ಎಷ್ಟು ಬಳಸಿವೆಯೆಂದರೆ, ನಂಟು ಎಂದೊಡನೆ ಅಪರಾಧ ಸಾಬೀತಾದಂತೆಯೇ ಕೇಳಿಸುತ್ತದೆ. ‘ಒಡನಾಟ’ ಎನ್ನಿ. ಅಮೆರಿಕದ ಭಾಗದಲ್ಲಿ ‘ರಾಜನಿಷ್ಠೆ’ ಎಂದಿರುವುದನ್ನೂ ತಿದ್ದಬೇಕು, ಅಲ್ಲಿ ರಾಜನೇ ಇಲ್ಲ. ಸರ್ಕಾರಿ ನೌಕರರ ಬಗ್ಗೆ ಅಧ್ಯಕ್ಷ ಟ್ರೂಮನ್ 1947ರ ಮಾರ್ಚ್ 21ರಂದು ಹೊರಡಿಸಿದ ಆದೇಶದ ವಿಷಯ ದೇಶನಿಷ್ಠೆ. ಅವನ ನಂತರ ಅಧ್ಯಕ್ಷನಾದ ಐಸೆನ್‌ಹೋವರ್‌ನ 1953ರ ಏಪ್ರಿಲ್ 27ರ ಆದೇಶದ ಅಳತೆಗೋಲು ಭದ್ರತೆ. ಎರಡನೆಯದರಡಿ ದೇಶನಿಷ್ಠೆಯಲ್ಲಿ ಕುಂದಿಲ್ಲದವರೂ, ಸಲಿಂಗಿಗಳೆಂಬ ಕಾರಣಕ್ಕೇ ಅನೇಕರೂ ಕೆಲಸ ಕಳೆದುಕೊಂಡರು. ಎರಡಕ್ಕೂ ‘ನಿಷ್ಠೆ’ ಎಂದೇ ಬರೆದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

ಇದೆಲ್ಲ ಪರದೇಶದ ವಿಷಯವೆಂದು ಒಬ್ಬರು ಬರೆದಿದ್ದಾರೆ. ನಮ್ಮಲ್ಲೂ ರೈಲ್ವೆ ನೌಕರರಿಗೆ ರಾಷ್ಟ್ರೀಯ ಭದ್ರತೆಯ ಹೆಸರಿನ ನಿಯಮಗಳು 1949ರಲ್ಲೇ ಬಂದವು. ವಿಧ್ವಂಸಕ ಚಟುವಟಿಕೆಯಲ್ಲಿ ಇತರರೊಡನೆ ಸೇರಿ ತನ್ನ ವಿಶ್ವಾಸಾರ್ಹತೆಯ ಬಗ್ಗೆ ಸಂಶಯ ಹುಟ್ಟಿಸಿದವನನ್ನೂ ಅವುಗಳಡಿ ಕೆಲಸದಿಂದ ತೆಗೆಯಬಹುದಿತ್ತು. ಹಾಗೆ ಕೆಲಸ ಕಳೆದುಕೊಂಡ ರೈಲ್ವೆ ನೌಕರ ಬಾಲಕೋಟಯ್ಯನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಟ್ಲಿಯ ಹೇಳಿಕೆಯಲ್ಲಿಯೂ ಇದೇ ವಿಶ್ವಾಸಾರ್ಹತೆಯ ಮಾತಿದೆ, ಆದ್ದರಿಂದ ಆ ಪದವನ್ನು ತಮ್ಮ ಅನುವಾದದಲ್ಲಿ ಧೈರ್ಯವಾಗಿ ಉಳಿಸಿಕೊಳ್ಳಿ.

ಕೊನೆಯದು ‘ಪರ್ಜ್’, ಅಂದರೆ ನಂಬಲಾಗದವರೆಂದು ಕಂಡವರನ್ನು ಹೊರಹಾಕುವುದಕ್ಕೆ ಇಂಗ್ಲಿಷಿನಲ್ಲಿರುವ ಪದ. ಬ್ರಿಟನ್ನಿನಲ್ಲಿ ಸಿಕ್ಕಿಬಿದ್ದ ಹಲವರನ್ನು ರಹಸ್ಯವಲ್ಲದ ಕೆಲಸಗಳಿಗೆ ವರ್ಗಾಯಿಸಿದರು. ಹಾಗಾಗಿ ‘ಉಚ್ಚಾಟನೆ’ ಎಂಬುದು ಅತಿಯಾದ ಮಾತು, ‘ಶುದ್ಧೀಕರಣ’ವಂತೂ ಮಡಿಮೈಲಿಗೆಯ ಮಾತು. ‘ಸೂಕ್ಷ್ಮ ಹುದ್ದೆಗಳಿಂದ ತೆಗೆಯುವಿಕೆ’ ಎಂದು ಬಿಡಿಸಿಯೇ ಬರೆಯಿರಿ. ತಲೆಬರಹಕ್ಕೆ ಉದ್ದವಾದರೆ ‘ತೆರವು’ ಸಾಕು.