ಅಪ್‌ಡೇಟ್: ಮೂಡಲ್‌ನಲ್ಲಿ ಮಕ್ಕಳ ಫೋಲ್ಡರ್‌ಗಳು ಈಗ ಸರಿಯಾಗಿ ಸಿಗುತ್ತಿವೆ

ಹೋದ ವಾರ ಕೇಳಿದ್ದೆ: ವೆಬ್ ಡಿಸೈನ್ ಕ್ಲಾಸಿನ ಮಕ್ಕಳು ಮೂಡಲ್‌ನಲ್ಲಿ (ನಾವು ಅಸೈನ್‌ಮೆಂಟ್ ಕೊಟ್ಟು, ಮಕ್ಕಳು ಸಲ್ಲಿಸೋ ಆನ್‌ಲೈನ್ ಕಲಿಕೆಯ ತಂತ್ರಾಂಶ) ಫೋಲ್ಡರ್ ಮಾಡಿ ಫೈಲ್ ಹಾಕಿದರೂ, ನಾನು ಡೌನ್‌ಲೋಡ್ ಮಾಡಿದಾಗ ಎಲ್ಲ ಒಂದೇ ಕಡೆ ರಾಶಿ ಬೀಳುತ್ತೆ, ಪೇಜ್ ತೆರೆದರೆ ಒಂದೂ ಚಿತ್ರ ಕಾಣಲ್ಲ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತಪ್ಪು ಮಕ್ಕಳದ್ದಲ್ಲ. ಮಕ್ಕಳು ಸಲ್ಲಿಸಿದ್ದೆಲ್ಲ ಕಾಣೋ ಸಬ್‌ಮಿಷನ್‌ಗಳ ಪುಟದಲ್ಲಿ 'ಡೌನ್‌ಲೋಡ್ ಸಬ್‌ಮಿಷನ್ಸ್ ಇನ್ ಫೋಲ್ಡರ್ಸ್' ಅನ್ನೋ ಆಯ್ಕೆ ಇದೆ. ನಾನು ಅದಕ್ಕೆ ಟಿಕ್ ಹಾಕಿರಲಿಲ್ಲ. ಟಿಕ್ ಇಲ್ಲದಿದ್ದರೆ ಪ್ರತಿ ಫೈಲಿನ ಹೆಸರಿನ ಮುಂದೆ ವಿದ್ಯಾರ್ಥಿಯ ಹೆಸರು ಸೇರಿಕೊಳ್ಳುತ್ತೆ. ಪೇಜ್ ಹುಡುಕೋದು ಹಳೇ ಹೆಸರನ್ನ, ಆಮೇಲೆ ಚಿತ್ರ ಎಲ್ಲಿಂದ ಬರಬೇಕು? ಟಿಕ್ ಹಾಕಿದ ಮೇಲೆ ಒಬ್ಬೊಬ್ಬರಿಗೂ ಒಂದು ಫೋಲ್ಡರ್, ಒಳಗೆ ಅವರು ಜೋಡಿಸಿದ್ದು ಹಾಗೇ ಇದೆ. ಒಬ್ಬ ಹುಡುಗಿ ತನ್ನೂರಿನ ಜಾತ್ರೆ ಬಗ್ಗೆ ಪೇಜ್ ಮಾಡಿದ್ದಳು. ಮೊದಲು ಬರೀ ಖಾಲಿ ಚೌಕ ಕಂಡಿದ್ದ ಜಾಗದಲ್ಲಿ ನಿನ್ನೆ ತೇರಿನ ಫೋಟೋ ಬಂತು. ತುಂಬಾ ಖುಷಿಯಾಯ್ತು. ಮೊದಲ ಸಲ ಮಾರ್ಕ್ಸ್ ಕಡಿಮೆ ಕೊಟ್ಟಿದ್ದೆ, ಎಲ್ಲರದ್ದೂ ಮತ್ತೆ ನೋಡಿ ಸರಿಪಡಿಸಿದೆ.

ಒಂದೊಂದೇ ಫೋಲ್ಡರ್ ಮಾಡಿ ಫೈಲ್ ಹಾಕೋದು ಮಕ್ಕಳಿಗೆ ಜಾಸ್ತಿ ಕೆಲಸ ಅಲ್ವಾ? ಇಲ್ಲಿ ಬಂದ ಇನ್ನೊಂದು ಸಲಹೆ ಅದಕ್ಕೆ ನೆರವಾಯ್ತು. ಇಡೀ ಫೋಲ್ಡರನ್ನ ಜಿಪ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಹಾಕಿ, ಮೂಡಲ್‌ನಲ್ಲೇ ಆ ಫೈಲ್ ಒತ್ತಿ 'ಅನ್‌ಜಿಪ್' ಕೊಟ್ಟರೆ ಸಾಕು, ಫೋಲ್ಡರ್‌ಗಳು ತಾವೇ ಬಿಚ್ಚಿಕೊಳ್ಳುತ್ತವೆ. ಆಮೇಲೆ ಜಿಪ್ ಅಳಿಸಬೇಕು. ಬಿಚ್ಚಿದ ಫೈಲ್‌ಗಳಿಗೆ ಜಾಗ ಇರಲಿ ಅಂತ ಅಸೈನ್‌ಮೆಂಟ್‌ನಲ್ಲಿ ಗರಿಷ್ಠ ಫೈಲ್ ಸಂಖ್ಯೆಯನ್ನೂ 20ಕ್ಕೆ ಏರಿಸಿದ್ದೇನೆ. ಫೋನಿನಲ್ಲೇ ಕೆಲಸ ಮಾಡುವ ಇಬ್ಬರಿಗೆ ಜಿಪ್ ಮಾಡೋದು ಕಷ್ಟವಾಯ್ತು, ಅವರನ್ನ ಸೋಮವಾರ ಲ್ಯಾಬಿಗೆ ಕರೆದಿದ್ದೇನೆ.