ಬಾಲಿಯಲ್ಲಿ ಒಂದು ದಿನಕ್ಕೆ ಗಾಡಿ ಮಾಡಿಕೊಂಡರೆ ಎಲ್ಲೆಲ್ಲಿ ಹೋಗಬಹುದು? ಹೋಗಿ ಬಂದವರು ತಿಳಿಸಿ

ಎಲ್ಲರಿಗೂ ನಮಸ್ಕಾರ. 2026ರ ಜೂನ್ 15ಕ್ಕೆ ಬಾಲಿ ತಲುಪುತ್ತೇವೆ. ನಾನು, ನಮ್ಮ ಮನೆಯವರು, 9 ವರ್ಷದ ಮಗ, ಜೊತೆಗೆ 68 ವರ್ಷದ ಅಮ್ಮ. ಐದು ರಾತ್ರಿಯೂ ಕುಟಾದಲ್ಲೇ ಇರುತ್ತೇವೆ. ಒಂದು ದಿನ ಪೂರ್ತಿ ಡ್ರೈವರ್ ಸಮೇತ ಗಾಡಿ ಮಾಡಿಕೊಂಡು ಸುತ್ತಬೇಕು ಅಂತಿದೆ. ಉಳಿದ ದಿನ ಬೀಚು, ವಿಶ್ರಾಂತಿ. ನಾನು ಬರೆದಿಟ್ಟುಕೊಂಡ ಪಟ್ಟಿ ಇದು: ಲೆಂಪುಯಾಂಗ್ ದೇವಸ್ಥಾನದ ಬಾಗಿಲು, ತೀರ್ತಾ ಎಂಪುಲ್, ತೆಗಲಾಲಂಗ್ ಗದ್ದೆ, ಉಲುನ್ ದಾನು ಬೆರಾತಾನ್, ಸಮುದ್ರದ ಬಂಡೆ ಮೇಲಿರುವ ತಾನಾ ಲಾಟ್ ಗುಡಿ, ಉಲುವಾಟು. ಒಂದೇ ದಿನದಲ್ಲಿ ಆಗುತ್ತಾ? ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಾರರು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆ ಕೂಡ ತಿನ್ನುವುದಿಲ್ಲ. ಗಾಡಿಗೆ ಎಷ್ಟಾಗುತ್ತೆ, ಮೊದಲೇ ಏನೇನು ಮಾತಾಡಿಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

* * *

ಆರೂ ಒಂದೇ ದಿನದಲ್ಲಿ ಆಗುವುದಿಲ್ಲ ಮೇಡಂ. ಎರಡು ಮೂರು ಆರಿಸಿಕೊಳ್ಳಿ. ಅವೂ ಒಂದೇ ದಿಕ್ಕಿನಲ್ಲಿ ಇರಲಿ.

ಬಾಲಿ ಮ್ಯಾಪಿನಲ್ಲಿ ಪುಟ್ಟದಾಗಿ ಕಾಣುತ್ತೆ. ರಸ್ತೆಗಳು ಮಾತ್ರ ಕಿರಿದು, ಟ್ರಾಫಿಕ್ ಜಾಸ್ತಿ. 30 ಕಿಲೋಮೀಟರ್ ಅಂದರೆ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತೆ. ನಿಮ್ಮ ಪಟ್ಟಿಯಲ್ಲಿ ಉಲುವಾಟು ದಕ್ಷಿಣದ ತುದಿ. ತೀರ್ತಾ ಎಂಪುಲ್, ತೆಗಲಾಲಂಗ್ ಎರಡೂ ಉಬುದ್ ಊರಿನ ಕಡೆ, ದ್ವೀಪದ ನಡುವೆ. ಉಲುನ್ ದಾನು ಉತ್ತರದ ಬೆಟ್ಟದ ಮೇಲೆ. ಲೆಂಪುಯಾಂಗ್ ಪೂರ್ವಕ್ಕೆ ಎಲ್ಲೋ ದೂರ, ಕುಟಾದಿಂದ ಹೋಗೋಕೇ ಎರಡೂವರೆ ಗಂಟೆ ಬೇಕು.

ನಾವು ಹೋಗಿದ್ದಾಗ ಬೆಳಗ್ಗೆ ಲೆಂಪುಯಾಂಗ್, ಸಂಜೆ ತಾನಾ ಲಾಟ್ ಅಂತ ಹಾಕಿಕೊಂಡೆವು. ಲೆಂಪುಯಾಂಗ್‌ನಲ್ಲಿ ಬಾಗಿಲ ಮುಂದೆ ಫೋಟೋ ತೆಗೆಸಿಕೊಳ್ಳೋಕೆ ನಂಬರ್ ಚೀಟಿ ಕೊಡುತ್ತಾರೆ. ಎರಡು ಗಂಟೆಗೂ ಜಾಸ್ತಿ ಕಾದೆವು. ಫೋಟೋದಲ್ಲಿ ಬಾಗಿಲ ಕೆಳಗೆ ಕೆರೆಯ ಹಾಗೆ ನೀರು ಹೊಳೆಯುತ್ತಲ್ಲ, ಅಲ್ಲಿ ಕೆರೆಯೇ ಇಲ್ಲ. ಫೋಟೋ ತೆಗೆಯುವ ಹುಡುಗ ಫೋನಿನ ಕ್ಯಾಮೆರಾ ಕೆಳಗೆ ಒಂದು ಚಿಕ್ಕ ಕನ್ನಡಿ ಅಡ್ಡ ಹಿಡಿಯುತ್ತಾನೆ, ಅಷ್ಟೇ. ಹತ್ತಿರ ನಿಂತು ನೋಡಿದಾಗ ನನ್ನ ಮಗಳ ಮುಖ ಬಾಡಿಹೋಯಿತು. ಅಲ್ಲಿಂದ ತಾನಾ ಲಾಟ್ ಮುಟ್ಟುವಷ್ಟರಲ್ಲಿ ಕತ್ತಲೆ. ಇಡೀ ದಿನ ಗಾಡಿಯಲ್ಲೇ ಕಳೆದ ಹಾಗಾಯಿತು.

ಎರಡನೇ ಸಲ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಉತ್ತರದ ದಾರಿ ಹಿಡಿದೆವು. ನಿಮಗೂ ಅದನ್ನೇ ಹೇಳುತ್ತೇನೆ. ಬೆಳಗ್ಗೆ 7ಕ್ಕೆ ಕುಟಾ ಬಿಡಿ, ಸುಮಾರು ಎರಡು ಗಂಟೆಯಲ್ಲಿ ಬೆದುಗುಲ್. ಅಲ್ಲಿ ಉಲುನ್ ದಾನು ಬೆರಾತಾನ್. ಕೆರೆ ಅಂಚಿನಲ್ಲಿ 1633ರಲ್ಲಿ ಕಟ್ಟಿದ ದೇವಸ್ಥಾನ. ನೀರಿನ ಮಧ್ಯೆ ಎದ್ದು ನಿಂತ ಹಾಗೆ ಕಾಣುವ 11 ಅಂತಸ್ತಿನ ಗೋಪುರ, ಒಂದೊಂದು ಅಂತಸ್ತಿಗೂ ಕಪ್ಪು ನಾರಿನ ಮಾಡು. ಜಾಗ 1,200 ಮೀಟರ್ ಎತ್ತರದಲ್ಲಿದೆ, ಬೆಳಗ್ಗೆ ಮಂಜು ಇರುತ್ತೆ, ಅಮ್ಮನಿಗೆ ಒಂದು ಸ್ವೆಟರ್ ಇಟ್ಟುಕೊಳ್ಳಿ. ಮೆಟ್ಟಿಲಿನ ಕಾಟ ಇಲ್ಲ, ಪೂರ್ತಿ ತೋಟದ ನಡುವೆ ಸಮತಟ್ಟು ದಾರಿ. ನಮ್ಮಪ್ಪ ಕೆರೆ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತವರು ಮುಕ್ಕಾಲು ಗಂಟೆ ಏಳಲೇ ಇಲ್ಲ. ಏಳಿ ಅಂತ ಅವಸರ ಮಾಡುವವರೂ ಯಾರಿರಲಿಲ್ಲ. ಸ್ವಂತ ಗಾಡಿ ಮಾಡಿಕೊಂಡು ಹೋಗುವುದು ಅದಕ್ಕೇ ಅಲ್ವಾ.

ಅಲ್ಲಿಂದ ಜತಿಲುವಿ. ತೆಗಲಾಲಂಗ್ ಬದಲು ಇದನ್ನು ನೋಡಿ. ತೆಗಲಾಲಂಗ್‌ನಲ್ಲಿ ಕಡಿದಾದ ಕಣಿವೆಗೆ ಇಳಿದು ಹತ್ತಬೇಕು, ಉಯ್ಯಾಲೆ, ಫೋಟೋ ಕಟ್ಟೆ, ಜನ. ಜತಿಲುವಿಯಲ್ಲಿ ಗದ್ದೆ ಕಣ್ಣು ಹಾಯಿಸಿದಷ್ಟು ದೂರ. ರಸ್ತೆ ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ಕೂತರೂ ಎಲ್ಲ ಕಾಣುತ್ತೆ. ಇಲ್ಲಿ ನೀರು ಹಂಚಿಕೊಳ್ಳುವ ಪದ್ಧತಿಗೆ ಸುಬಾಕ್ ಅಂತಾರೆ, 9ನೇ ಶತಮಾನದಿಂದ ನಡೆದುಬಂದದ್ದು. ಯಾವ ಮಡಿಗೆ ಯಾವಾಗ ನೀರು ಅನ್ನುವುದನ್ನು ರೈತರೇ ಸೇರಿ, ನೀರಿನ ದೇವಸ್ಥಾನಗಳ ಮೂಲಕ ತೀರ್ಮಾನ ಮಾಡುತ್ತಾರೆ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮಪ್ಪ ಗದ್ದೆ ಮಾಡಿದವರು. ಬದುವಿನ ಮೇಲೆ ಬಗ್ಗಿ, ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ಬಿಡಲು ಇಟ್ಟಿದ್ದ ಬಿದಿರಿನ ತುಂಡನ್ನು ಮುಟ್ಟಿ ನೋಡುತ್ತಾ ನಿಂತುಬಿಟ್ಟರು.

ಎರಡೂವರೆಗೆ ಅಲ್ಲಿಂದ ಹೊರಟರೆ ನಾಲ್ಕರೊಳಗೆ ತಾನಾ ಲಾಟ್. ಜೂನ್‌ನಲ್ಲಿ ಸಂಜೆ 6ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ತಡ ಮಾಡಬೇಡಿ. ಅವತ್ತು ಸಮುದ್ರ ಇಳಿತ ಯಾವಾಗ ಅಂತ ನೋಡಿಕೊಂಡು ಹೋಗಿ. ಇಳಿತ ಇದ್ದರೆ ಬಂಡೆಯ ಬುಡದವರೆಗೆ ನಡೆದು ಹೋಗಬಹುದು. ಅಲ್ಲಿ ಪೂಜಾರಿಗಳು ತೀರ್ಥ ಕೊಟ್ಟು ಹಣೆಗೆ ಅಕ್ಕಿ ಕಾಳು ಅಂಟಿಸುತ್ತಾರೆ. ಮೇಲಿನ ಗುಡಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಅಮ್ಮ ಕೆಳಗೆ ಇಳಿಯದಿದ್ದರೂ ಪರವಾಗಿಲ್ಲ, ದಡದ ಮೇಲೆ ಕೂತರೂ ಚೆನ್ನಾಗಿ ಕಾಣುತ್ತೆ.

* * *

ಮೇಲಿನವರು ಹೇಳಿದ ದಾರಿ ಚೆನ್ನಾಗಿದೆ. ನಾನು ದುಡ್ಡಿನ ವಿಷಯ ಹೇಳುತ್ತೇನೆ.

ಅಲ್ಲಿ ಇಡೀ ದಿನ ಅಂದರೆ ಸಾಮಾನ್ಯವಾಗಿ 10 ಗಂಟೆ ಲೆಕ್ಕ. ನಾವು ನಾಲ್ಕು ಜನಕ್ಕೆ 7 ಲಕ್ಷ ರುಪಿಯಾ (ನಮ್ಮ ರೂಪಾಯಿ ಅಲ್ಲ, ಇಂಡೋನೇಷ್ಯಾದ ಹಣ) ಕೊಟ್ಟೆವು, ಪೆಟ್ರೋಲ್ ಸೇರಿ. ಮೊದಲೇ ಕೇಳಿಕೊಳ್ಳಿ: ಇದು ಗಾಡಿಗೋ, ತಲೆಗೋ? ಪಾರ್ಕಿಂಗ್ ಸೇರಿದೆಯಾ? 10 ಗಂಟೆ ದಾಟಿದರೆ ಗಂಟೆಗೆ ಎಷ್ಟು? ಎಂಟ್ರಿ ಟಿಕೆಟ್ ಯಾವಾಗಲೂ ನಿಮ್ಮದೇ. ಡ್ರೈವರ್ ಅಂದರೆ ಗೈಡ್ ಅಲ್ಲ, ದೇವಸ್ಥಾನದ ಒಳಗೆ ಬಂದು ವಿವರಿಸುತ್ತಾರೆ ಅಂತ ಅಂದುಕೊಳ್ಳಬೇಡಿ. ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆದು, ಅವರಿಂದ ಸರಿ ಅನ್ನಿಸಿಕೊಂಡರೆ ಆಮೇಲೆ ಕಿರಿಕಿರಿ ಇರಲ್ಲ.

ನೋಟು ಕೊಡುವಾಗ ನಿಧಾನ. 1,00,000ದ ನೋಟು ಕೆಂಪು, 10,000ದ್ದು ನೇರಳೆ. ಸೊನ್ನೆ ಎಣಿಸುವುದಕ್ಕಿಂತ ಬಣ್ಣ ನೋಡಿ ಕೊಡೋದು ಸುಲಭ.

ಒಂದು ವಿಷಯ ಬೇಜಾರಿನಿಂದಲೇ ಹೇಳುತ್ತೇನೆ. ನಮ್ಮ ಡ್ರೈವರ್ ನಾವು ಕೇಳದೇ ಇದ್ದರೂ ಒಂದು ಕಾಫಿ ತೋಟಕ್ಕೆ, ಆಮೇಲೆ ಒಂದು ಬೆಳ್ಳಿ ಅಂಗಡಿಗೆ ಕರೆದುಕೊಂಡು ಹೋದರು. ಅವರಿಗೆ ಅಲ್ಲಿ ಕಮಿಷನ್ ಸಿಗುತ್ತೆ. ನಮಗೆ ಒಂದೂವರೆ ಗಂಟೆ ಹೋಯಿತು, ಕೊನೆಗೆ ನೋಡಬೇಕಾದ ಜಾಗವೇ ತಪ್ಪಿತು. ತೋಟದಲ್ಲಿ ಚಹಾ, ಕಾಫಿ ರುಚಿ ನೋಡಲು ಸುಮ್ನೆ ಕೊಡುತ್ತಾರೆ. ಲುವಾಕ್ ಕಾಫಿಗೆ ಮಾತ್ರ ದುಡ್ಡು. ಪುನುಗು ಬೆಕ್ಕು ತಿಂದು ಹೊರಹಾಕಿದ ಬೀಜದಿಂದ ಮಾಡೋದು ಅದು. ಅದಕ್ಕಾಗಿ ಬೆಕ್ಕನ್ನು ಪಂಜರದಲ್ಲಿ ಇಟ್ಟಿದ್ದರು. ಹಗಲು ಮಲಗುವ ಪ್ರಾಣಿ, ಜನ ಬಂದಾಗಲೆಲ್ಲ ಕೋಲಿನಿಂದ ತಟ್ಟಿ ಎಬ್ಬಿಸುತ್ತಿದ್ದರು. ನನ್ನ ಕೈಲಿ ನೋಡೋಕಾಗಲಿಲ್ಲ, ಹೊರಗೆ ಬಂದುಬಿಟ್ಟೆ. ಹೊರಡುವ ಮೊದಲೇ "ಅಂಗಡಿ ಬೇಡ, ಕಾಫಿ ತೋಟ ಬೇಡ" ಅಂತ ಮರ್ಯಾದೆಯಿಂದ ಹೇಳಿಬಿಡಿ. ಅವರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇದರ ಜೊತೆಗೆ, ಹೊರದೇಶದಿಂದ ಬರುವ ಪ್ರತಿಯೊಬ್ಬರೂ ಕಟ್ಟಬೇಕಾದ 1,50,000 ರುಪಿಯಾ ಪ್ರವಾಸಿ ಶುಲ್ಕ ಇದೆ, 2024ರ ಫೆಬ್ರವರಿಯಿಂದ ಬಂದದ್ದು. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಕಟ್ಟಿ, ರಸೀದಿ ಫೋನಿನಲ್ಲಿ ಇಟ್ಟುಕೊಳ್ಳಿ.

* * *

ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಾವೂ ಮೊಟ್ಟೆ ತಿನ್ನದವರು.

ಅಲ್ಲಿ "ವೆಜ್" ಅಂದರೆ ತರಕಾರಿ ಜಾಸ್ತಿ ಇದೆ ಅಂತ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ನಾಸಿ ಗೊರೆಂಗ್ ಅಂದರೆ ಹುರಿದ ಅನ್ನ, ಅದರ ಮೇಲೆ ಮೊಟ್ಟೆ ಬರುತ್ತೆ, ಪಕ್ಕದಲ್ಲಿ ಸಿಗಡಿ ಹಪ್ಪಳ ಇರುತ್ತೆ. ನಮ್ಮ ಮಕ್ಕಳು ಮಾಮೂಲಿ ಹಪ್ಪಳ ಅಂತ ಕೈ ಹಾಕುವುದರಲ್ಲಿದ್ದರು, ಡ್ರೈವರ್ ತಡೆದರು. ಸಾಂಬಾಲ್ ಅನ್ನುವ ಖಾರದ ಚಟ್ನಿಯಲ್ಲಿ ಎಷ್ಟೋ ಸಲ ತೆರಾಸಿ ಇರುತ್ತೆ, ಅದು ಸಿಗಡಿ ಹುದುಗಿಸಿ ಮಾಡಿದ್ದು. "ತಾನ್ಪಾ ತೆಲೂರ್" ಅಂದರೆ ಮೊಟ್ಟೆ ಬೇಡ, "ತಾನ್ಪಾ ತೆರಾಸಿ" ಅಂದರೆ ಸಿಗಡಿ ಚಟ್ನಿ ಬೇಡ. ಬೆಳಗ್ಗೆಯೇ ಡ್ರೈವರಿಗೆ ಇದನ್ನೆಲ್ಲ ಬಿಡಿಸಿ ಹೇಳಿ, ಹೋಟೆಲಿನಲ್ಲಿ ಅವರ ಕೈಲೇ ಹೇಳಿಸಿ. ಗಾದೋ ಗಾದೋ ಚೆನ್ನಾಗಿರುತ್ತೆ: ಬೇಯಿಸಿದ ತರಕಾರಿಗೆ ಕಡಲೆಕಾಯಿ ಸಾಸ್. ಅದರಲ್ಲೂ ಮೊಟ್ಟೆ, ಹಪ್ಪಳ, ತೆರಾಸಿ ಬೇಡ ಅನ್ನಬೇಕು. ತೆಂಪೆ ಹುರಿದು ಕೊಟ್ಟರೆ ಅನ್ನಕ್ಕೆ ಒಳ್ಳೆ ಜೊತೆ, ಅದು ಸೋಯಾ ಕಾಳಿನದು.

ಬೆದುಗುಲ್ ಕಡೆ ಹೋದರೆ ಚಂದಿಕುನಿಂಗ್ ಸಂತೆಯಲ್ಲಿ ಸ್ಟ್ರಾಬೆರಿ, ಸಲಾಕ್ ತಗೊಳ್ಳಿ. ಸಲಾಕ್ ಸಿಪ್ಪೆ ಹಾವಿನ ಚರ್ಮದ ಹಾಗೆ ಇರುತ್ತೆ, ತುದಿ ಹಿಸುಕಿದರೆ ಸುಲಭವಾಗಿ ಬಿಚ್ಚಿಕೊಳ್ಳುತ್ತೆ. ಚೌಕಾಸಿ ಮಾಡಿ.

* * *

ಒಂದು ಮಾತು ಬೇರೆ ಥರ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಅಮ್ಮ ಜೊತೆಗಿದ್ದರೆ ನಾನು ತೀರ್ತಾ ಎಂಪುಲ್ ಬಿಡುವುದಿಲ್ಲ.

ತೀರ್ತಾ ಅಂದರೆ ನಮ್ಮ ತೀರ್ಥವೇ. ಕ್ರಿ.ಶ. 962ರ ಜಾಗ. ನೆಲದಿಂದ ನೀರು ಕುದಿಯುವ ಹಾಗೆ ಉಕ್ಕುತ್ತೆ, ಮರಳು ಮೇಲಕ್ಕೆ ಎದ್ದು ಕೆಳಗೆ ಕೂರುವುದು ಕಾಣುತ್ತೆ. ಆ ನೀರೇ ಪಕ್ಕದ ಕೊಳಕ್ಕೆ ಕಲ್ಲಿನ ಬಾಯಿಗಳಿಂದ ಸಾಲಾಗಿ ಬೀಳುತ್ತೆ. ಇಂದ್ರ ತನ್ನ ಸೈನ್ಯ ವಿಷದ ನೀರು ಕುಡಿದು ಬಿದ್ದಾಗ ಈ ಚಿಲುಮೆ ಎಬ್ಬಿಸಿದ ಅನ್ನುವ ಕತೆ ಹೇಳುತ್ತಾರೆ. ನಮ್ಮಮ್ಮ ಕೊಳಕ್ಕೆ ಇಳಿಯಲಿಲ್ಲ. ಅಂಚಿನಲ್ಲಿ ನಿಂತು ಬೊಗಸೆಯಲ್ಲಿ ನೀರು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಪಕ್ಕದಲ್ಲಿ ಒಬ್ಬ ಬಾಲಿ ಅಜ್ಜಿ, ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದಿನಕಡ್ಡಿ ಇಟ್ಟುಕೊಂಡು ಕೂತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ. ಆ ಅಜ್ಜಿ ಒಂದು ಹೂವು ತೆಗೆದು ಅಮ್ಮನ ಕಿವಿ ಹಿಂದೆ ಸಿಕ್ಕಿಸಿದರು. ಅಮ್ಮ ಆ ಹೂವನ್ನು ಪರ್ಸಿನಲ್ಲಿಟ್ಟುಕೊಂಡು ಮನೆವರೆಗೂ ತಂದರು.

ಮೆಟ್ಟಿಲು ಕಡಿಮೆ, ಆದರೆ ಕಲ್ಲು ಜಾರುತ್ತೆ, ಕೈ ಹಿಡಿದುಕೊಳ್ಳಿ. ಸ್ನಾನಕ್ಕೆ ಇಳಿಯುವವರು ಅಲ್ಲಿ ಕೊಡುವ ಬೇರೆ ಸಾರಾಂಗ್ (ಲುಂಗಿಯ ಹಾಗೆ ಸುತ್ತಿಕೊಳ್ಳುವ ಬಟ್ಟೆ) ಉಟ್ಟುಕೊಳ್ಳಬೇಕು. ಕೆಲವು ಧಾರೆ ಸತ್ತವರ ಕಾರ್ಯಕ್ಕೆ ಮೀಸಲು, ಅದಕ್ಕೆ ತಲೆ ಒಡ್ಡಬಾರದು, ಮೊದಲೇ ಕೇಳಿಕೊಳ್ಳಿ. ಮುಟ್ಟಾದವರಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಹಾಕಿರುತ್ತಾರೆ. ಹತ್ತಿರದಲ್ಲೇ ಗುನುಂಗ್ ಕಾವಿ ಇದೆ, ಬಂಡೆಯಲ್ಲೇ ಕೊರೆದ 11ನೇ ಶತಮಾನದ ಗುಡಿಗಳು. ತುಂಬಾ ಚೆಂದ. ಆದರೆ 300ಕ್ಕೂ ಹೆಚ್ಚು ಮೆಟ್ಟಿಲು ಇಳಿದು ಹತ್ತಬೇಕು, ಡ್ರೈವರ್ ಹೇಳಿದರೂ ಅಮ್ಮನನ್ನು ಕರೆದುಕೊಂಡು ಹೋಗಬೇಡಿ.

* * *

ಚಿಕ್ಕದಾಗಿ: ಬೆದುಗುಲ್ ರಸ್ತೆಯಲ್ಲಿ ತಿರುವು ಜಾಸ್ತಿ. ಹುಡುಗನಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ ಮುಂದಿನ ಸೀಟಿನ ಹಿಂದೆಯೇ ಕೂರಿಸಿ, ಫೋನ್ ಕೊಡಬೇಡಿ. ಉಲುವಾಟು ಬೇರೆ ದಿನ ಹೋಗುವುದಾದರೆ ಕನ್ನಡಕ ತೆಗೆದು ಬ್ಯಾಗಿನಲ್ಲಿ ಇಡಿ, ಅಲ್ಲಿನ ಕೋತಿಗಳು ಕಿತ್ತುಕೊಂಡು ಹೋಗುತ್ತವೆ. ನಮ್ಮತ್ತೆಯ ಕನ್ನಡಕ ಹೋಗಿ, ಹಣ್ಣು ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ನೆಲದ ಮೇಲೆ ಹೂವಿನ ತಟ್ಟೆ ಇಟ್ಟಿರುತ್ತಾರೆ, ಅಂಗಡಿ ಬಾಗಿಲಲ್ಲಿ, ಫುಟ್‌ಪಾತಿನಲ್ಲಿ ಎಲ್ಲ ಕಡೆ. ಅದು ದೇವರ ಎಡೆ. ತುಳಿಯದ ಹಾಗೆ ಮಗನಿಗೆ ಹೇಳಿ.

* * *

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಂಪುಯಾಂಗ್ ಕೈಬಿಟ್ಟೆ. ಅಮ್ಮನಿಗೆ ಎರಡೂ ದಾರಿ ಓದಿ ಹೇಳಿದೆ, ಕೆರೆಯೂ ಗದ್ದೆಯೂ ಬೇಕು ಅಂದರು. ಆಮೇಲೆ ಆ ಅಜ್ಜಿಯ ವಿಷಯ ಇನ್ನೊಂದು ಸಲ ಓದಿಸಿಕೊಂಡರು. ಹಾಗಾಗಿ ಉತ್ತರದ ದಾರಿಗೆ ಪೂರ್ತಿ ಒಂದು ದಿನ, ತೀರ್ತಾ ಎಂಪುಲ್‌ಗೆ ಇನ್ನೊಂದು ಅರ್ಧ ದಿನ ಗಾಡಿ ಮಾಡೋಣ ಅಂತ. ಪೂರ್ತಿ ದಿನವನ್ನು 17ಕ್ಕೆ ಇಟ್ಟುಕೊಳ್ಳಲಾ?

* * *

17 ಬೇಡ ಮೇಡಂ! ಅವತ್ತು ಗಲುಂಗಾನ್. ಅವರಿಗೆ ದೊಡ್ಡ ಹಬ್ಬ, ಹಿರಿಯರ ಆತ್ಮಗಳು ಮನೆಗೆ ಬರುವ ದಿನ. 210 ದಿನಕ್ಕೊಮ್ಮೆ ಬರುವುದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ಸಲ ತಾರೀಕು ಬದಲಾಗುತ್ತೆ. ಡ್ರೈವರಿಗೂ ಮನೆ ಇದೆ, ಅವತ್ತು ಹೆಂಡತಿ ಮಕ್ಕಳ ಜೊತೆ ದೇವಸ್ಥಾನಕ್ಕೆ ಹೋಗಬೇಕು. ದುಡ್ಡು ಜಾಸ್ತಿ ಕೊಡುತ್ತೇವೆ ಅಂತ ಎಳೆದುಕೊಂಡು ಹೋಗಬೇಡಿ. ಮಾರನೇ ದಿನ 18ಕ್ಕೆ ಅಲ್ಲಿನವರೇ ಸಂಸಾರ ಸಮೇತ ಸುತ್ತಾಡಲು ಹೊರಡುತ್ತಾರೆ, ಬೆದುಗುಲ್ ರಸ್ತೆ ತುಂಬಿರುತ್ತೆ. 19 ಇಟ್ಟುಕೊಳ್ಳಿ. ತೀರ್ತಾ ಎಂಪುಲ್‌ಗೆ 16ರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಬಂದುಬಿಡಿ.

17ಕ್ಕೆ ಗಾಡಿ ಏನೂ ಬೇಡ, ಹೋಟೆಲ್ ಸುತ್ತಮುತ್ತ ಬೆಳಗ್ಗೆ ನಡೆದುಕೊಂಡು ಹೋಗಿ. ಪ್ರತಿ ಮನೆ ಮುಂದೆ ಪೆಂಜೋರ್ ನಿಲ್ಲಿಸಿರುತ್ತಾರೆ. ಉದ್ದನೆಯ ಬಿದಿರು, ತುದಿ ರಸ್ತೆ ಕಡೆ ಬಾಗಿರುತ್ತೆ, ಮೈ ತುಂಬ ತೆಂಗಿನ ಗರಿ, ಭತ್ತದ ತೆನೆ, ಹಣ್ಣು. ಎರಡೂ ಬದಿಯ ಬಿದಿರು ಬಾಗಿ ರಸ್ತೆಗೆ ಚಪ್ಪರ ಹಾಕಿದ ಹಾಗೆ ಇರುತ್ತೆ. ಅಮ್ಮನೂ ಆರಾಮಾಗಿ ನಡೆಯಬಹುದು.

* * *

ಸರಿ ಸರ್, ಗೊತ್ತೇ ಇರಲಿಲ್ಲ. ಡ್ರೈವರಿಗೆ ಈಗಷ್ಟೇ ಹೀಗೆ ಕಳಿಸಿದೆ: "ಜೂನ್ 19, ಬೆಳಗ್ಗೆ 7ಕ್ಕೆ ಕುಟಾದಿಂದ. ನಾಲ್ಕು ಜನ, ಒಬ್ಬರು ಹಿರಿಯರು, ಮಂಡಿ ನೋವು. ಉಲುನ್ ದಾನು, ಜತಿಲುವಿಯಲ್ಲಿ ಊಟ, ನಾಲ್ಕಕ್ಕೆ ತಾನಾ ಲಾಟ್. ಅಂಗಡಿ, ಕಾಫಿ ತೋಟ ಬೇಡ. ಮೊಟ್ಟೆ, ಮೀನು, ಮಾಂಸ ತಿನ್ನುವುದಿಲ್ಲ. ಪೆಟ್ರೋಲ್, ಪಾರ್ಕಿಂಗ್ ಸೇರಿ ಗಾಡಿಗೆ ಎಷ್ಟು? ವಾಪಸ್ ಬರುವಷ್ಟರಲ್ಲಿ 12 ಗಂಟೆ ಆಗಬಹುದು, ಹೆಚ್ಚಿನ ಎರಡು ಗಂಟೆಗೆ ಎಷ್ಟು?" ಏನಾದರೂ ಬಿಟ್ಟಿದ್ದೀನಾ?

* * *

ಗಾಡಿ ಯಾವುದು ಅಂತ ಕೇಳಿ. ಅಮ್ಮನಿಗೆ ಹತ್ತಿ ಇಳಿಯಲು ತುಂಬಾ ಎತ್ತರದ್ದು ಬೇಡ ಅನ್ನಿ. ಹಾಗೇ ಮಧ್ಯಾಹ್ನ ಊಟಕ್ಕೆ ಡ್ರೈವರನ್ನೂ ನಿಮ್ಮ ಜೊತೆ ಕೂರಿಸಿಕೊಳ್ಳಿ, ಹಬ್ಬ ಹೇಗಾಯಿತು ಅಂತ ಕೇಳಿ. ಮನೆಯಲ್ಲಿ ಏನೇನು ಮಾಡಿದರು, ಪೆಂಜೋರ್ ಕಟ್ಟಿದ್ದು ಯಾರು ಅಂತ ನಿಮ್ಮ ಮಗನಿಗೆ ಫೋಟೋ ತೋರಿಸುತ್ತಾರೆ.